ಆಸಿಡ್ ಬಿದ್ದ ಅಂಗಿ

ಶೇಷಪ್ಪನವರ ಬಳಿ ತೂತಿಲ್ಲದ ಅಂಗಿ ಇದ್ದದ್ದು ಒಂದೇ. ಅದು ಮದುವೆ ಮನೆಗಳಿಗೆ ಮೀಸಲು. ಉಳಿದವೆಲ್ಲ ಬ್ಯಾಟರಿಯ ಆಸಿಡ್ ಹಾರಿ ಜರಡಿಯಾಗಿದ್ದವು. "ಬೀಳೋವಾಗ ಏನೂ ಕಾಣಲ್ಲ ಮೇಷ್ಟ್ರೇ, ಒಗೆದ ಮೇಲೆ ಗೊತ್ತಾಗುತ್ತೆ" ಎಂದು ನಗುತ್ತಿದ್ದರು.

ಅರವತ್ತರ ದಶಕದಲ್ಲಿ ಹೊಸನಗರದ ಬಸ್ಸು, ಲಾರಿಗಳ ಬ್ಯಾಟರಿಗಳು ಚಾರ್ಜಿಗೆ ಬರುತ್ತಿದ್ದದ್ದು ಅವರ ಅಂಗಡಿಗೇ. ನಾನು ಅಲ್ಲಿನ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೆ. ಸಂಜೆ ಅವರ ಬೆಂಚಿನ ಮೇಲೆ ಕೂತು ಹರಟುವುದು ರೂಢಿ. ಯಾರಾದರೂ ಬ್ಯಾಟರಿಗೆ ಬಾವಿ ನೀರು ಹಾಕಿದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಆಷಾಢದಲ್ಲಿ, ನಾಲ್ಕು ಮಳೆ ಬಿದ್ದು ಆಕಾಶ ತೊಳೆದಂತಾದ ಮೇಲೆ, ಅಂಗಳದ ನಡುವೆ ಗಾಜಿನ ಜಾಡಿಗಳನ್ನಿಟ್ಟು ವರ್ಷಕ್ಕಾಗುವಷ್ಟು ಮಳೆನೀರು ಹಿಡಿಯುತ್ತಿದ್ದರು. ಹೆಂಚಿನ ಮೇಲಿಂದ ಇಳಿದ ನೀರನ್ನು ಮುಟ್ಟುತ್ತಿರಲಿಲ್ಲ.

"ಖರ್ಚಾಗೋದು ನೀರು. ಆಸಿಡ್ ಎಲ್ಲಿಗೂ ಹೋಗಲ್ಲ, ಪ್ಲೇಟಿನೊಳಗೆ ಸೇರ್ಕಂಡಿರುತ್ತೆ. ಚಾರ್ಜಿಗೆ ಹಾಕಿದ್ರೆ ವಾಪಸ್ ಬರುತ್ತೆ" ಎನ್ನುತ್ತಿದ್ದರು. ನಾನು ತರಗತಿಯಲ್ಲಿ ಹೇಳುತ್ತಿದ್ದದ್ದೂ ಅದನ್ನೇ. ಒಂದು ಪ್ಲೇಟಿನ ಸೀಸ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಅದು ಉತ್ಕರ್ಷಣೆ. ಇನ್ನೊಂದು ಪ್ಲೇಟು ಅದನ್ನು ಪಡೆಯುತ್ತದೆ, ಅದು ಅಪಕರ್ಷಣೆ. ಕರೆಂಟು ಕೊಡುತ್ತ ಕೊಡುತ್ತ ಎರಡೂ ಆಸಿಡ್ಡನ್ನು ಹೀರಿಕೊಳ್ಳುತ್ತವೆ. ಚಾರ್ಜ್ ಮಾಡಿದರೆ ಎಲ್ಲ ತಿರುಗುಮುರುಗು. ಬೋರ್ಡಿನ ಮೇಲೆ ಬರೆದದ್ದು ನನ್ನ ತಲೆಗೇ ಇಳಿದಿರಲಿಲ್ಲ.

ಶೇಷಪ್ಪ ಆ ಒಂದು ಒಳ್ಳೆಯ ಅಂಗಿ ತೊಟ್ಟು ತೀರ್ಥಹಳ್ಳಿಗೆ ಮದುವೆಗೆ ಹೋಗಿದ್ದಾಗ, ಬಾಡಿಗೆ ಕಾರಿನ ಮಂಜಪ್ಪ ಬ್ಯಾಟರಿ ಸೋತಿದೆ ಎಂದು ನನ್ನ ಬಳಿ ಬಂದ. ಅಳೆದು ನೋಡಿದೆ, ಆಸಿಡ್ ತೆಳ್ಳಗಾಗಿತ್ತು. ಚಾರ್ಜಿಗೆ ಹಾಕುವ ಬದಲು ದೊಡ್ಡ ಪಂಡಿತನಂತೆ ಶಾಲೆಯ ಬಾಟಲಿಯಿಂದ ಆಸಿಡ್ ಸುರಿದೆ. ಕಾರು ಹೊರಟಿತು, ನಾನು ಬೀಗಿದೆ.

ಹದಿನೈದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ನನ್ನ ಹೆಂಡತಿ ಶಾರದೆಗೆ ಹೆರಿಗೆ ನೋವು ಶುರುವಾಯಿತು. ಮಗು ಅಡ್ಡ ತಿರುಗಿದೆ, ಈಗಿಂದೀಗ ಸಾಗರದ ಆಸ್ಪತ್ರೆಗೆ ಸಾಗಿಸಿ ಎಂದಳು ಸೂಲಗಿತ್ತಿ. ಮಂಜಪ್ಪನ ಕಾರು ಮಿಸುಕಲಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಿದ, ಎಲ್ಲರೂ ನೂಕಿದೆವು, ಕಿಡಿಯೇ ಇಲ್ಲ. ಹಿಂದಿನ ಸೀಟಿನಲ್ಲಿ ಶಾರದೆ ತುಟಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಬ್ಯಾಟರಿ ಬಿಚ್ಚಿ ಹೊತ್ತುಕೊಂಡು ಅಂಗಡಿಗೆ ಓಡಿದೆವು.

ಶೇಷಪ್ಪ ಮುಚ್ಚಳ ತೆಗೆದು, ರಬ್ಬರ್ ಬುರುಡೆಯ ಗಾಜಿನ ನಳಿಕೆಗೆ ಆಸಿಡ್ ಎಳೆದು ಅಳೆದು ನೋಡಿದರು. "ಆಸಿಡ್ ಜಾಸ್ತಿಯಾಗಿ ಪ್ಲೇಟು ತಿಂದ್ಹಾಕಿದೆ. ಇದಕ್ಕೆ ಆಸಿಡ್ ಸುರಿದಿದ್ದು ಯಾರು?"

ಮಂಜಪ್ಪ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ನಾನೇ ಕಣಣ್ಣ" ಎಂದ ಮಂಜಪ್ಪ.

ಶೇಷಪ್ಪ ನಮ್ಮಿಬ್ಬರನ್ನೂ ಒಮ್ಮೆ ದಿಟ್ಟಿಸಿದರು. ಬೈಯಲಿಲ್ಲ. ಅರ್ಧ ಚಾರ್ಜಾಗಿದ್ದ ಬೇರೊಂದು ಬ್ಯಾಟರಿಯನ್ನು ತಾವೇ ಹೊತ್ತು ತಂದು ಕಾರಿಗೆ ಜೋಡಿಸಿದರು. "ಹಾರನ್ ಹೊಡೀಬೇಡ. ಸಾಗರ ಮುಟ್ಟೋ ತನಕ ಎಂಜಿನ್ ನಿಲ್ಲಿಸ್ಬೇಡ. ನಿಂತ್ರೆ ಮತ್ತೆ ಏಳುತ್ತೆ ಅಂತ ಹೇಳಾಕಾಗಲ್ಲ."

ತಿರುವು ಬಂದಾಗೆಲ್ಲ ಮಂಜಪ್ಪ ಕಿಟಕಿಯಿಂದ ತಲೆ ಹೊರಹಾಕಿ "ಹೋಯ್" ಎಂದು ಕೂಗುತ್ತಿದ್ದ. ಒಂದು ಕಡೆ ದನಗಳು ಅಡ್ಡ ನಿಂತು ಎಂಜಿನ್ ಕೆಮ್ಮಿತು. ಪುಣ್ಯಕ್ಕೆ ನಿಲ್ಲಲಿಲ್ಲ. ಮಧ್ಯಾಹ್ನ ಆಪರೇಷನ್ ಆಗಿ ಮಗಳು ಹುಟ್ಟಿದಳು, ತಾಯಿಯೂ ಉಳಿದಳು.

ಊರೆಲ್ಲ ಮಂಜಪ್ಪನಿಗೆ ಉಗಿಯಿತು. ಶೇಷಪ್ಪನವರಿಗೆ ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ನನಗೆ ತೀರ್ಥಹಳ್ಳಿಗೆ ವರ್ಗವಾಯಿತು. ನನ್ನಂಥ ಹೇಡಿಗೆ ಅದೇ ನೆಪ.

ಎರಡು ವರ್ಷದ ಮೇಲೆ, ಇನ್ನು ಹೇಳದೆ ಇರಲಾರೆ ಎನಿಸಿ ಮಗಳನ್ನು ಎತ್ತಿಕೊಂಡು ಹೊಸನಗರಕ್ಕೆ ಹೋದೆ. ಆಷಾಢದ ಮಳೆ ಸುರಿಯುತ್ತಿತ್ತು. ಅಂಗಳದಲ್ಲಿ ಜಾಡಿಗಳನ್ನು ಕವುಚಿ ಇಟ್ಟಿದ್ದರು. ಬೇಸಿಗೆಯಲ್ಲಿ ಜ್ವರ ಬಂದು ಶೇಷಪ್ಪ ತೀರಿಹೋಗಿದ್ದರು. ಅವರ ಹೆಂಡತಿ ಗಂಗಮ್ಮನವರ ಮುಂದೆಯೇ ಎಲ್ಲ ಹೇಳಿಕೊಂಡೆ.

ಅವರು ಮಗಳ ಒದ್ದೆ ತಲೆಯನ್ನು ಸೆರಗಿನಿಂದ ಒರೆಸುತ್ತ ಹೇಳಿದರು: "ಅವ್ರಿಗೆ ಅವತ್ತೇ ಗೊತ್ತಿತ್ತು ಮೇಷ್ಟ್ರೇ. ನಿಮ್ಮ ಅಂಗಿ ತೋಳಲ್ಲಿ ತೂತು ಕಂಡಿದ್ರಂತೆ. ಒಂದಿನ ತಾವಾಗೇ ಬಂದು ಹೇಳ್ತಾರೆ, ನೀನು ಕೇಳಕ್ಕೆ ಹೋಗ್ಬೇಡ ಅಂದಿದ್ರು."