ಕುವೈತಿನಲ್ಲಿ ಬೋಳಿಸಿದ ತಲೆ

ಬಂಡೂರಿನ ಲಿಂಗರಾಜು ಒಂಬತ್ತು ವರ್ಷ ಕುವೈತಿನ ಮರಳುಗಾಡಿನಲ್ಲಿ ಕುರಿ ಮೇಯಿಸಿ ಬಂದವನು. ಕುರಿ ಕಾಯೋದಕ್ಕೆ ವಿಮಾನ ಹತ್ತಬೇಕಿತ್ತೇ ಎಂದು ಊರಿನವರು ಆಡಿಕೊಂಡದ್ದುಂಟು. ಆದರೆ ಟೀ ಅಂಗಡಿಯಲ್ಲಿ ಅರಬ್ ದೇಶದ ಮಾತು ಬಂತೆಂದರೆ ಅವನೇ ಪಂಡಿತ. ಅಲ್ಲೂ ಚುನಾವಣೆ ಇದೆ, ಗೆದ್ದು ಬಂದವರು ಮಂತ್ರಿಗಳ ಬೆವರಿಳಿಸುತ್ತಾರೆ, ಜಗಳ ಅತಿಯಾದರೆ ಅಲ್ಲಿಯ ದೊರೆ ಅಮೀರ ಸಭೆಯನ್ನೇ ವಿಸರ್ಜಿಸಿ ಎಲ್ಲರನ್ನೂ ಮನೆಗೆ ಕಳಿಸುತ್ತಾನೆ ಎಂದು ವಿವರಿಸುವಾಗ ಅವನು ಬೀಡಿ ಹಿಡಿಯುವ ಠೀವಿಯೇ ಬೇರೆ. ಇದೆಲ್ಲ ಅವನ ಧಣಿ ಅಬು ಫಹದನಿಂದ ಕಲಿತದ್ದು. ಸಂಜೆ ನೆಂಟರಿಷ್ಟರನ್ನು ಗುಡಾರದಲ್ಲಿ ಕೂರಿಸಿಕೊಂಡು ರಾಜಕೀಯ ಹರಟದಿದ್ದರೆ ಆ ಮುದುಕನಿಗೆ ಊಟ ಸೇರುತ್ತಿರಲಿಲ್ಲ. ಅವರಿಗೆಲ್ಲ ಟೀ ಕೊಡುತ್ತ ಕೊಡುತ್ತಲೇ ಲಿಂಗರಾಜು ಅರಬ್ಬಿಯನ್ನೂ ಕಲಿತ, ಅಮೀರನನ್ನೂ ತಿಳಿದುಕೊಂಡ.

ಅವನನ್ನು ಅಲ್ಲಿಗೆ ಕಳಿಸಿದವರು ಮಳವಳ್ಳಿಯ ಕುರಿ ವ್ಯಾಪಾರಿ ಬುಡನ್ ಸಾಬರು. ಪ್ರತಿ ವರ್ಷ ಬಕ್ರೀದಿಗೆ ಮುಂಚೆ ಬಂಡೂರಿಗೆ ಬಂದು, ಟಗರುಗಳ ಬೆನ್ನು ಸವರಿ ನೋಡಿ ಆರಿಸುತ್ತಿದ್ದರು. ಅವರ ಅಳಿಯ ಕುವೈತಿನಲ್ಲಿದ್ದ. ‘ಕುರಿ ಬಲ್ಲೋನೊಬ್ಬ ಬೇಕಂತೆ, ಓಯ್ತೀಯೇನಪ್ಪ?’ ಎಂದು ಅವರು ಕೇಳಿದ್ದರಿಂದಲೇ ಲಿಂಗರಾಜುವಿನ ಮನೆಗೆ ತಾರಸಿ ಬಂದದ್ದು.

ಅವನು ಊರಿಗೆ ವಾಪಸಾದ ಮೇಲೆ, ಎರಡು ಸಾವಿರದ ಇಪ್ಪತ್ತೆರಡರ ಜೂನಿನಲ್ಲಿ ಒಂದು ಗಲಾಟೆಯಾಯಿತು. ಟಿವಿ ಚರ್ಚೆಯಲ್ಲಿ ಪ್ರವಾದಿಯ ಬಗ್ಗೆ ನಮ್ಮವರೊಬ್ಬರು ಆಡಿದ ಮಾತಿಗೆ ಕುವೈತಿನಂಥ ದೇಶಗಳು ನಮ್ಮ ರಾಯಭಾರಿಗಳನ್ನು ಕರೆಸಿ ಆಕ್ಷೇಪ ಹೇಳಿದವು. ಟೀ ಅಂಗಡಿ ಕುದಿಯತೊಡಗಿತು. ಲಿಂಗರಾಜು ದೊಡ್ಡಸ್ತಿಕೆಗೆ ಫೋನು ತೆಗೆದು ಕುವೈತಿನ ಫೋಟೋಗಳನ್ನು ತೋರಿಸುತ್ತಿದ್ದ. ಒಂದು ಫೋಟೋ ಬಂದಾಗ ಯುವಕರ ಸಂಘದ ರಘುನಂದನ್ ಫೋನನ್ನೇ ಕಿತ್ತುಕೊಂಡ.

‘ಇದೇನಣ್ಣಾ, ಆ ಅರಬ್ಬಿನೋನು ನಿನ್ ತಲೆ ಬೋಳುಸ್ತಾವ್ನೆ?’

ಇದ್ದ ವಿಷಯ ಇಷ್ಟು. ಐದು ವರ್ಷದ ಹಿಂದೆ ಲಿಂಗರಾಜುವಿನ ತಾಯಿ ಮಾಯಮ್ಮ ತೀರಿಕೊಂಡಾಗ ಅವನಿಗೆ ಬರಲಾಗಲಿಲ್ಲ. ಹನ್ನೊಂದನೆಯ ದಿನ ಮಗ ತಲೆ ಬೋಳಿಸಿಕೊಳ್ಳಬೇಕು. ಆ ಮರಳುಗಾಡಿನಲ್ಲಿ ಕ್ಷೌರಿಕನೆಲ್ಲಿ? ಕುರಿ ಉಣ್ಣೆಯ ಕತ್ತರಿ ಹಿಡಿದು ಅಳುತ್ತ ಕೂತಿದ್ದವನನ್ನು ಅಬು ಫಹದ್ ವಿಚಾರಿಸಿದ. ‘ಹಜ್‌ನಲ್ಲಿ ನಾವೂ ಬೋಳಿಸಿಕೊಳ್ಳುತ್ತೇವೆ, ಕೂತ್ಕೋ’ ಎಂದು ತನ್ನ ಗಡ್ಡದ ಕತ್ತಿಯನ್ನೇ ತಂದು, ಒಂದು ಗೀರೂ ಬೀಳದ ಹಾಗೆ ತಾನೇ ಬೋಳಿಸಿದ. ಗುಡಿ ಕಟ್ಟಲು ಬಿಡದ ದೇಶ ಎಂಬುದು ನಿಜವೇ. ಆದರೆ ಲಿಂಗರಾಜು ಗುಡಾರದಲ್ಲಿ ಇಟ್ಟುಕೊಂಡಿದ್ದ ದೇವರ ಪಟವನ್ನು ಆ ಮನುಷ್ಯ ಕಂಡೂ ಕಾಣದವನಂತೆ ಇದ್ದ.

ಇಷ್ಟನ್ನು ಹೇಳಿದ್ದರೆ ಆಗಿತ್ತು. ಆದರೆ ಅಂಗಡಿಯೆಲ್ಲ ತನ್ನ ಬಾಯನ್ನೇ ನೋಡುತ್ತಿತ್ತು, ಅವರಿಗೆ ಬೇಕಾದ ಉತ್ತರ ಯಾವುದೆಂದು ಅವನಿಗೆ ಗೊತ್ತಿತ್ತು. ‘ದೇವ್ರ ಪಟಕ್ಕೆ ಕೈ ಮುಗ್ದೆ ಅಂತ ಇಡ್ಕಂಡು ಬೋಳುಸ್ಬುಟ್ಟ ಕಣ್ಲಾ’ ಅಂದುಬಿಟ್ಟ. ಅಂದ ಮರುಗಳಿಗೆಯೇ ಫೋನಿಗೆ ಕೈ ಚಾಚಿದ. ಅಷ್ಟರಲ್ಲಿ ರಘುನಂದನ್ ಅವನ ಹೆಗಲು ತಟ್ಟಿ ಫೋಟೋವನ್ನು ತನ್ನ ಫೋನಿಗೆ ಕಳಿಸಿಕೊಂಡಿದ್ದ.

ಎರಡೇ ದಿನಕ್ಕೆ ಅದು ತಾಲ್ಲೂಕೆಲ್ಲ ಸುತ್ತಿತು. ಈ ಬಕ್ರೀದಿಗೆ ಬಂಡೂರಿನಿಂದ ಒಂದು ಟಗರೂ ಸಾಬರಿಗೆ ಹೋಗಕೂಡದು ಎಂದು ಸಂಘದವರು ಕಟ್ಟು ಮಾಡಿದರು. ಬುಡನ್ ಸಾಬರು ಬಂದ ದಿನ ಬಸ್‌ಸ್ಟಾಪಿನಲ್ಲೇ ತಡೆದರು. ಲಿಂಗರಾಜು ಗುಂಪಿನ ಹಿಂದೆ ನಿಂತಿದ್ದ. ಮುದುಕರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಅದೇ ಬಸ್ಸು ಹತ್ತಿದರು. ಅವನು ಮುಖ ತೋರಿಸಲಾರದೆ ಗೋಡೆಗೆ ಒತ್ತಿಕೊಂಡ.

ಅವನ ಹೆಂಡತಿ ಶೋಭಾರಾಣಿಗೆ ಎಲ್ಲ ಗೊತ್ತಿತ್ತು. ಅವತ್ತು ವಿಡಿಯೋ ಕಾಲಿನಲ್ಲಿ ತಲೆ ಬೋಳಿಸುವುದನ್ನು ಅವಳೇ ನೋಡಿದ್ದಳು, ಆ ಮುದುಕನಿಗೆ ಕೈ ಮುಗಿದಿದ್ದಳು.

‘ನಿಮ್ಮವ್ವನ್ ಕಾರ್ಯ ನಡ್ಸ್ಕೊಟ್ಟೋನ್ ಮೇಲೇ ಅಂಗ್ ಯೋಳ್ದಲ್ಲ, ನಾಚ್ಕೆ ಆಗಲ್ವ ನಿಂಗೆ? ಓಗು, ಸಾಬ್ರಿಗಾದ್ರೂ ನಿಜ ಯೋಳಿ ಬಾ.’

ಆಗುತ್ತಿತ್ತು. ನಾಚಿಕೆಯಿಂದ ಅವನಿಗೆ ಎರಡು ದಿನದಿಂದ ಅನ್ನ ಇಳಿದಿರಲಿಲ್ಲ. ಮಾರನೆಯ ಬೆಳಿಗ್ಗೆ ಮಳವಳ್ಳಿ ಬಸ್ಸು ಹತ್ತಿದ. ‘ಸಾಬ್ರೇ, ನಾನು ಸುಳ್ಳೇಳ್ದೆ’ ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲೇ ಹೇಳಿಕೊಂಡ.

ಬಾಗಿಲಲ್ಲಿ ಅವನನ್ನು ಕಂಡವರೇ ಬುಡನ್ ಸಾಬರು ಎದ್ದು ನಿಂತರು. ಅವನು ಬಾಯಿ ತೆರೆಯುವ ಮೊದಲೇ ಎರಡೂ ಕೈ ಜೋಡಿಸಿದರು.

‘ನಾನೇ ನಿನ್ ಮನೇಗ್ ಬರನಾ ಅಂತಿದ್ದೆ, ಊರೊಳಿಕ್ಕೇ ಬುಡ್ನಿಲ್ಲ. ನಿನ್ನ ಕಳ್ಸಿದ್ದು ನಾನು ಕಣಪ್ಪ. ದೇವ್ರಿಗೆ ಕೈ ಮುಗುದ್ರೆ ಇಂಗ್ ಮಾಡೋ ಜನ ಅಂತ ಗೊತ್ತಿದ್ರೆ ಕಳುಸ್ತಿರ್ನಿಲ್ಲ. ಆ ಫೋಟೋ ನೋಡ್ದಾಗಿಂದ ನಿದ್ದೆ ಇಲ್ಲ. ನಮ್ಮೋರು ಮಾಡಿದ್ ತಪ್ಪಿಗೆ ನನ್ನ ಮಾಪ್ ಮಾಡ್ಬುಡು.’

ಹೇಳಬೇಕಾದದ್ದು ಈಗಲೇ. ಮಾತು ನಾಲಿಗೆಯ ಮೇಲೇ ಇತ್ತು. ಆದರೆ ಜೋಡಿಸಿದ ಆ ಕೈಗಳ ಮುಂದೆ, ಅದಕ್ಕೆ ಕಾರಣವಾದ ಸುಳ್ಳುಗಾರ ತಾನೇ ಎಂದು ಹೇಳುವ ಧೈರ್ಯ ಲಿಂಗರಾಜುವಿಗೆ ಬರಲಿಲ್ಲ. ಅವನು ನೆಲ ನೋಡಿದ.

‘ಇರ್ಲಿ ಬುಡಿ ಸಾಬ್ರೇ’ ಅಂದ. ‘ನಾನೇನೂ ಮನಸ್ನಲ್ಲಿ ಮಡಿಕ್ಕಂಡಿಲ್ಲ.’

‘ದೊಡ್ ಮನ್ಸು ಕಣಪ್ಪ ನಿಂದು’ ಎಂದು ಬುಡನ್ ಸಾಬರು ಟವೆಲಿನಿಂದ ಕಣ್ಣೊರೆಸಿಕೊಂಡರು.