ಬಿಸಿಲಿನ ತಾಲೀಮು

ನಮ್ಮ ಅತ್ತೆಯವರು ನೀರು ಕುಡಿಯುವುದನ್ನು ನೋಡಬೇಕಿತ್ತು. ತಂಬಿಗೆಯನ್ನು ಗೇಣು ಮೇಲೆತ್ತಿ, ಕತ್ತು ಹಿಂದಕ್ಕೆ ಬಾಗಿಸಿ, ತುಟಿಗೆ ತಾಗಿಸದೆ ಧಾರೆಯನ್ನು ನೇರವಾಗಿ ಬಾಯೊಳಗೆ ಇಳಿಸುತ್ತಿದ್ದರು. ಒಂದು ಹನಿಯೂ ಸೆರಗಿಗೆ ಬೀಳುತ್ತಿರಲಿಲ್ಲ. ಗದ್ದದ ಮೇಲಿನ ಹಸಿರು ಹಚ್ಚೆಯ ಬೊಟ್ಟು ಮಾತ್ರ ಪ್ರತಿ ಗುಟುಕಿಗೂ ಸಣ್ಣಗೆ ಅಲುಗುತ್ತಿತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳು, ಬಾಟಲಿಗೆ ಬಾಯಿ ಹಚ್ಚಿ ಕುಡಿದು ಬೆಳೆದವಳು. ಮದುವೆಯಾದ ಹೊಸದರಲ್ಲಿ ಅವರ ಹಾಗೆ ಕುಡಿಯಲು ಹೋಗಿ ಮೂಗಿಗೆ ನೀರೇರಿಸಿಕೊಂಡೆ. ಅವರು ನನ್ನ ಬೆನ್ನು ತಟ್ಟುತ್ತ, "ನಿಮ್ಮ ಸಾಲಿ ಸಿಸ್ಟರ್‌ಗೋಳು ಎಲ್ಲಾ ಕಲಿಸಿ ಇದೊಂದು ಬಿಟ್ಟಾರ ನೋಡವಾ" ಎಂದು ನಕ್ಕರು. ಅತ್ತೆ ಎಂದರೆ ಹೆದರಬೇಕು ಎಂದುಕೊಂಡು ಬಂದಿದ್ದವಳಿಗೆ ಅಂದಿನಿಂದ ಹೆದರಿಕೆ ಹೋಯಿತು.

ಅವರು ಖಾನಾಪುರದವರು. ನನ್ನ ಮದುವೆಗೂ ಮೊದಲೇ, ಮಾವನವರು ತೀರಿಕೊಂಡ ಮೇಲೆ ಬೆಳಗಾವಿಯ ಸದಾಶಿವನಗರಕ್ಕೆ ಮಗನ ಮನೆಗೆ ಬಂದಾಗ ಒಂದು ಟ್ರಂಕು, ಒಂದು ಖಾನಾಪುರದ ಮಣ್ಣಿನ ಕೊಡ, ಇಷ್ಟೇ ತಂದಿದ್ದು. ಮನೆಯಲ್ಲಿ ಫ್ರಿಜ್ ಇದ್ದರೂ ಅವರಿಗೆ ಕೊಡದ ನೀರೇ ಬೇಕು. ಬಾಗಿಲಿಗೆ ಯಾರೇ ಬರಲಿ, ಕರೆಂಟಿನ ಮೀಟರು ನೋಡುವವನೇ ಇರಲಿ, ಒಂದು ಚೂರು ಬೆಲ್ಲ, ಒಂದು ಲೋಟ ನೀರು. ಅವನು ಕುಡಿದು ಲೋಟ ಕೆಳಗಿಡುವ ತನಕ ಯಾರೂ ಅವನನ್ನು ಏನೂ ಕೇಳಬಾರದು. ನಾನು ಬಾಯಿ ತೆರೆದರೆ ಕಣ್ಣಲ್ಲೇ ಸುಮ್ಮನಾಗಿಸುತ್ತಿದ್ದರು. "ಮೊದಲ ನೀರು ಕೊಡವಾ. ಮಾತೆಲ್ಲಿ ಓಡಿಹೋಗ್ತಾವು" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸು. ಮಗಳು ಐದನೇ ಇಯತ್ತೆ. ಆ ಸಲ ಬೇಸಿಗೆ ರಜೆಗೆ ಎಲ್ಲರೂ ಕೂಡಿ ದೂರ ಹೋಗಬೇಕೆಂದು ನಮ್ಮ ಮನೆಯವರು ಊಟದ ಹೊತ್ತಿನಲ್ಲಿ ಮಾತು ತೆಗೆದರು. ಮಹಾಬಳೇಶ್ವರ ಎಂದರು, ಊಟಿ ಎಂದರು. ಮಗಳು ಅಜ್ಜಿಯ ಕಡೆ ತಿರುಗಿ, "ಆಯಿ, ಈ ಸಲ ನೀ ಹೇಳು" ಎಂದಳು.

ಅತ್ತೆಯವರು ರೊಟ್ಟಿ ಮುರಿಯುತ್ತಲೇ, "ರಾಜಸ್ಥಾನಕ್ಕ ಹೋಗೂಣು. ಆ ಉಸುಕಿನ ಕಡೆ" ಎಂದರು.

"ಅವ್ವಾ, ಮೇ ತಿಂಗಳದಾಗ ಅಲ್ಲಿ ಮಂದೀನ ಊರು ಬಿಟ್ಟು ಓಡ್ತಾರ."

"ಓಡವರು ಓಡಲಿ. ನಮಗ ಜಾಗಾ ಆಗ್ತೈತಿ."

"ದೀಪಾವಳಿಗೆ ಹೋಗೂಣು. ತಂಪಿರ್ತೈತಿ."

"ತಂಪಿನಾಗ ಹೋಗಿ ನಾ ಏನ ಮಾಡ್ಲಿ?" ಎಂದು ಅವರು ಮಜ್ಜಿಗೆಯ ಬಟ್ಟಲಿಗೆ ಕೈ ಚಾಚಿದರು.

ಮರುದಿನ ಹಪ್ಪಳ ಒಣಹಾಕಲು ನಾವಿಬ್ಬರೂ ಮಾಳಿಗೆಯ ಮೇಲಿದ್ದೆವು. ಕಾಗೆ ಓಡಿಸುವ ಕೋಲು ತೊಡೆಯ ಮೇಲಿಟ್ಟುಕೊಂಡು ಅವರಾಗಿಯೇ ಹೇಳಿದರು. ಮಾವನವರು ಮಿಲಿಟರಿಯಲ್ಲಿದ್ದವರು, ಜೈಸಲ್ಮೇರಿನ ಆಚೆ ಬಹಳ ವರ್ಷ ಕಳೆದವರು. ನಾನು ಅವರನ್ನು ಫೋಟೋದಲ್ಲಿ ಮಾತ್ರ ನೋಡಿದ್ದೆ.

"ರಜಾದ ಮ್ಯಾಲ ಬರತಿದ್ರು, ಹೆಚ್ಚಾಗಿ ಇದ ಮೇ ತಿಂಗಳದಾಗ. ಸ್ಟೇಶನ್ನಿಂದ ನಡಕೋತ ಬರೂದು, ಕಟ್ಟಿ ಮ್ಯಾಲ ಕುಂಡ್ರೂದು. ಮಾತಿಲ್ಲ, ಕತಿಯಿಲ್ಲ. ಹಿರ್ಯಾರ ಮುಂದ ನಾ ಹೊರಗ ಬರೂಹಂಗಿರಲಿಲ್ಲ. ಉಣ್ಣಾಕ ನೀಡೂಮುಂದ ಒಂದ ಮಾತ ಕೇಳತಿದ್ದೆ, ಮತ್ತ ಯಾವಾಗ ಹೊಂಟ್ರಿ ಅಂತ. ಅದಕ್ಕೂ ಉತ್ತರಿಲ್ಲ."

ಒಂದು ಕಾಗೆ ಬಂದು ಕೂತಿತು. ಅವರು ಅದನ್ನು ನೋಡಲೂ ಇಲ್ಲ.

"ನನ್ನ ಕಂಡ್ರ ಇವರಿಗೆ ಆಗೂದಿಲ್ಲ ಅನಕೊಂಡೆ. ಅಡಗಿ ಸೇರವಲ್ತು ಅನಕೊಂಡೆ. ಬಾಯಿಬಿಟ್ಟು ಕೇಳಾಕ ಅಂಜಿಕಿ. ಆಮ್ಯಾಲ ಪೆನ್ಶನ್ ಮ್ಯಾಲ ಬಂದ್ರು. ಚಂದಂಗ ಮಾತಾಡಾಕ ಹತ್ತೂದರಾಗ ಹೋಗೇಬಿಟ್ರು. ಅದು ಸಿಟ್ಟಿತ್ತೋ ಬಿಸಿಲಿತ್ತೋ, ನನಗ ತಿಳೀಬೇಕವಾ. ಅದ ಬಿಸಿಲಾಗ ಒಮ್ಮಿ ನಿಂತು ನೋಡ್ತೇನಿ." ಒಂದು ಹಪ್ಪಳ ಮಗುಚಿ ಹಾಕಿ, "ಅವಗ ಹೇಳಬ್ಯಾಡ. ಅಪ್ಪನ ಮಾತು ಮನಸ್ಸಿಗೆ ಹಚ್ಕೋತಾನ" ಎಂದರು.

ನಾನು ಹೇಳಲಿಲ್ಲ. ಆದರೆ ಅಂದಿನಿಂದ ಊಟಿಯ ಮಾತು ಬಂದಾಗಲೆಲ್ಲ ಅತ್ತೆಯವರ ಕಡೆಗೆ ವಾಲಿದೆ. ನಮ್ಮ ಮನೆಯವರಿಗೆ ಇದು ವಿಚಿತ್ರವೆನಿಸಿತು. "ಅಲ್ಲ ಅವ್ವಾ, ನಿನಗ ಬಿಪಿ ಐತಿ. ಬೆಳಗಾವ್ಯಾಗ ಒಂದ ತಾಸು ಫ್ಯಾನ್ ನಿಂತ್ರ ಒದ್ದಾಡ್ತೀವಿ ನಾವು. ಅಲ್ಲಿ ಹೋಗಿ ನೀ ಬಿದ್ರ ಏನ ಮಾಡ್ಲಿ?"

"ಬೀಳವರು ಯಾರಂತ ಮೊದಲ ನೋಡೂಣು. ರವಿವಾರ ಮಾಳಗಿ ಮ್ಯಾಲ ಬಾ."

ತಾಲೀಮು ಶುರುವಾದದ್ದು ಹೀಗೆ. ಏಪ್ರಿಲ್ಲಿನ ರವಿವಾರ, ನಡು ಮಧ್ಯಾಹ್ನ. ಕಾದ ಮಾಳಿಗೆಯ ಮೇಲೆ ಒಂದು ಕಡೆ ಹಪ್ಪಳದ ಹಾಸು, ಇನ್ನೊಂದು ಕಡೆ ಚಾಪೆಯ ಮೇಲೆ ನಾವು. ಛತ್ರಿ ಮಗಳಿಗೆ ಮಾತ್ರ. ಬಾಯಿ ಒಣಗುತ್ತದೆಂದು ಮಾತಾಡುವಂತಿಲ್ಲ. ಅತ್ತೆಯವರು ಕೊಡದ ಹತ್ತಿರ ಕೂತು, ತಮಗೆ ಸರಿ ಕಂಡಾಗ ಸಣ್ಣ ಲೋಟದಲ್ಲಿ ನೀರು ಕೊಡುತ್ತಿದ್ದರು. ಬಾಜು ಮನೆಯಾಕೆ ತಮ್ಮ ಮಾಳಿಗೆಯಿಂದ ಇಣುಕಿ, "ಏನ್ರೀ ಅಕ್ಕಾರ, ಈ ವರ್ಷ ಹಪ್ಪಳದ ಜೋಡಿ ಮಗನ್ನೂ ಒಣಗಾಕ ಹಾಕೀರಿ?" ಎಂದರು.

"ಹಸಿ ಅದಾನ್ರೀ ಇನ್ನೂ. ಒಂದ ಬಿಸಿಲು ಬೇಕು" ಎಂದು ಅತ್ತೆಯವರು ಕೂತಲ್ಲಿಂದಲೇ ಉತ್ತರ ಕೊಟ್ಟರು.

ನಮ್ಮ ಮನೆಯವರೂ ನಕ್ಕರು. ನಕ್ಕ ಸ್ವಲ್ಪ ಹೊತ್ತಿಗೇ ಮುಖ ಬಿಳಿಚಿತು. "ಕಣ್ಣಿಗೆ ಕತ್ತಲಿ ಬಂದಂಗ..." ಎನ್ನುತ್ತ ಚಾಪೆಯ ಮೇಲೆ ಒರಗಿದರು. ವರ್ಷವಿಡೀ ಆಫೀಸಿನ ಫ್ಯಾನಿನ ಕೆಳಗೆ ಕೂಡುವ ಜೀವ. ಪ್ರತಿ ಬೇಸಿಗೆಯೂ ಹಪ್ಪಳ ಸಂಡಿಗೆ ಕಾಯುತ್ತ ಈ ಬಿಸಿಲಲ್ಲೇ ಕಳೆಯುವ ನಮಗಿಬ್ಬರಿಗೆ ಮೈ ಬೆವತದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅತ್ತೆಯವರು ಮಗನನ್ನು ಮೆಟ್ಟಿಲ ನೆರಳಿಗೆ ತಂದು, ಮಾವಿನಕಾಯಿ ಪಾನಕ ಕುಡಿಸಿ, ಒದ್ದೆ ಸೆರಗಿನಿಂದ ಹಣೆ ಒರೆಸಿ, "ನೀ ಬ್ಯಾಡ ಬಿಡಪಾ, ಮನ್ಯಾಗ ಇರು. ನಾವು ಮೂರೂ ಮಂದಿ ಹೆಣ್ಮಕ್ಕಳು ಹೋಗಿ ಬರ್ತೀವಿ" ಎಂದರು.

ಅವರು ಮಾತಾಡುತ್ತಿದ್ದಂತೆಯೇ ಪಶ್ಚಿಮಕ್ಕೆ ಗುಡುಗಿತು. ನೋಡನೋಡುತ್ತ ಬೇಸಿಗೆಯ ಅಡ್ಡಮಳೆ ಬಂದೇಬಿಟ್ಟಿತು. ತಾಲೀಮು ಅಲ್ಲಿಗೆ ಬಿಟ್ಟು ಎಲ್ಲರೂ ಹಪ್ಪಳ ಬಾಚಲು ಓಡಿದೆವು. ಮರುದಿನ ಡಾಕ್ಟರು ಅತ್ತೆಯವರ ಬಿಪಿ ನೋಡಿ ಹೂಂ ಎಂದರು. ನಮ್ಮ ಮನೆಯವರು ಹೋಗಿ ರಿಸರ್ವೇಶನ್ ಮಾಡಿಸಿಕೊಂಡು ಬಂದರು.

ಚಳಿಮಳೆಯ ಊರಾದ ಬೆಳಗಾವಿಯವರ ರೂಢಿ ಬಿಡುತ್ತದೆಯೇ. ಮೇ ತಿಂಗಳ ಮರುಭೂಮಿಗೆ ಹೊರಟ ನಮ್ಮ ಬ್ಯಾಗಿನ ತಳದಲ್ಲಿ ಅತ್ತೆಯವರು ನಾಲ್ಕು ಸ್ವೆಟರು, ಮೊಮ್ಮಗಳ ಕಿವಿಟೊಪ್ಪಿಗೆ ಇಟ್ಟಿದ್ದರು. ಕೊಡವನ್ನು ಮಾತ್ರ ಬ್ಯಾಗಿಗೆ ಹಾಕಲಿಲ್ಲ. ಒದ್ದೆ ಬಟ್ಟೆ ಸುತ್ತಿ, ಮಿರಜ ದಾಟಿ, ಪುಣೆ ದಾಟಿ, ಅಹಮದಾಬಾದಿನಲ್ಲಿ ಗಾಡಿ ಬದಲಿಸಿ, ಅಷ್ಟು ದೂರವೂ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬಂದರು.

ಜೈಸಲ್ಮೇರಿನಿಂದ ಬಾಡಿಗೆ ಜೀಪು ಮಾಡಿದೆವು. ಡ್ರೈವರು ದೊಡ್ಡ ರುಮಾಲಿನ ಮುದುಕ. ಅತ್ತೆಯವರು ತಮ್ಮ ಖಾನಾಪುರದ ಮರಾಠಿಯ ಕೊನೆಗೊಂದು 'ಹೈ' ಸೇರಿಸಿ ಅವನೊಡನೆ ಹಿಂದಿ ಆಡುತ್ತಿದ್ದರು. ಅವನಿಗೂ ಅದು ತಿಳಿಯುತ್ತಿತ್ತು. ಮಾವನವರಿದ್ದ ಜಾಗಕ್ಕೆ ಈಗ ಜನ ಹೋಗುವಂತಿಲ್ಲ, ಈ ರಸ್ತೆ ಅದೇ ದಿಕ್ಕಿಗೆ ಹೋಗುತ್ತದೆ ಎಂದ. ಅಷ್ಟು ಸಾಕು ಎಂದರು ಅತ್ತೆಯವರು.

ಮಧ್ಯಾಹ್ನ ಒಂದು ಮುಳ್ಳುಮರದ ಹತ್ತಿರ ಜೀಪು ನಿಲ್ಲಿಸಲು ಹೇಳಿದರು. ಸುತ್ತ ಉಸುಕು, ಅದರ ಮೇಲೆ ನಡುಗುವ ಗಾಳಿ. ಅತ್ತೆಯವರು ಛತ್ರಿಯನ್ನು ಮೊಮ್ಮಗಳ ಕೈಗೆ ಕೊಟ್ಟು, ಸೆರಗು ತಲೆಗೆಳೆದುಕೊಂಡು, ರಸ್ತೆ ಬಿಟ್ಟು ಉಸುಕಿನಲ್ಲಿ ನಡೆದರು. ನಮ್ಮ ಮನೆಯವರು ಹಿಂದೆ ಹೊರಟರು. ನಾನು ಅವರ ತೋಳು ಹಿಡಿದೆ. "ಬಿಡ್ರಿ. ನಿಲ್ಲಲಿ" ಎಂದೆ. ಅವರು ನನ್ನ ಮುಖ ನೋಡಿ ಅಲ್ಲೇ ನಿಂತರು.

ಅಲ್ಲಿ ಅತ್ತೆಯವರು ಏನೂ ಮಾಡಲಿಲ್ಲ. ಕೈ ಮುಗಿಯಲಿಲ್ಲ, ಅಳಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಆ ಬಿಸಿಲಿನಲ್ಲಿ ಸುಮ್ಮನೆ ನಿಂತಿದ್ದರು. ತಿರುಗಿ ಬಂದಾಗ ಮುಖ ಕೆಂಪಾಗಿತ್ತು. ಜೀಪಿನ ಮೆಟ್ಟಿಲ ಮೇಲೆ ಕೂತರು. "ಆಯಿ, ಏನ ನೋಡಿದಿ? ಅಲ್ಲೇನಿತ್ತು?" ಎಂದು ಮಗಳು ಕೇಳಿದಳು. ಅವರು ಅವಳನ್ನು ನೋಡಿದರು, ಬಾಯಿ ತೆರೆದರು, ಮುಚ್ಚಿದರು. ತುಟಿಗಳು ಒಂದಕ್ಕೊಂದು ಅಂಟಿದ್ದವು. ನಾನು ಕೊಡದಿಂದ ನೀರು ಬಗ್ಗಿಸಿ ಲೋಟ ಕೊಟ್ಟೆ. ಅತ್ತೆಯವರು ಮೇಲೆತ್ತಿ ಕುಡಿಯಲು ಆಗದೆ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತುಟಿಗೆ ಹಚ್ಚಿ ಕುಡಿದರು. ಅವರು ಹಾಗೆ ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಹಳ ಹೊತ್ತಿನ ಮೇಲೆ, "ಮಾತ ಬರೂದಿಲ್ಲ ಇಲ್ಲೆ" ಎಂದರು. "ಆಡ್ಬೇಕಂದ್ರೂ ಬರೂದಿಲ್ಲ." ಮತ್ತೆ ಸ್ವಲ್ಪ ಕುಡಿದು, ನನ್ನ ಕಡೆಗೆ ತಿರುಗಿ ಸಣ್ಣಗೆ ನಕ್ಕರು. "ಸಿಟ್ಟಲ್ಲವಾ ಅದು. ದಣಿವು. ನಾ ಹುಚ್ಚಿ, ಇಷ್ಟ ವರ್ಷ ಪಲ್ಯಾಕ ಉಪ್ಪು ಕಡಿಮಿ ಆಗಿತ್ತೇನೋ ಅಂತ ಕುಂತಿದ್ದೆ."

ನಮ್ಮ ಮನೆಯವರು ಕೇಳಿಸಿಕೊಂಡರು. ಏನು ಎಂದು ಯಾರನ್ನೂ ಕೇಳಲಿಲ್ಲ. ರುಮಾಲಿನ ತುದಿಯಿಂದ ಮುಖ ಒರೆಸುತ್ತಿದ್ದ ಡ್ರೈವರಿಗೂ ಅತ್ತೆಯವರು ಒಂದು ಲೋಟ ನೀರು ಕೊಟ್ಟರು. ಜೈಸಲ್ಮೇರಿಗೆ ತಿರುಗಿ ಬಂದು ಇಳಿಯುವಾಗ ಕೊಡವನ್ನೇ ಅವನ ಕೈಗಿಟ್ಟರು. ಬರುವ ದಾರಿಯಲ್ಲಿ ರೈಲಿನಲ್ಲಿ ಅವರು ಆಡಿದ ಮಾತು ಬಹಳ ಕಡಿಮೆ. ನಾವೂ ಕೇಳಲಿಲ್ಲ. ಬೆಳಗಾವಿಯಲ್ಲಿ ಇಳಿದಾಗ ಮಳೆ ಬಿದ್ದು ತಣ್ಣನೆಯ ಗಾಳಿ ಬೀಸುತ್ತಿತ್ತು, ಸ್ವೆಟರುಗಳು ಅಲ್ಲಿ ಉಪಯೋಗಕ್ಕೆ ಬಂದವು.

ಆಮೇಲೆ ಅವರು ಬಹಳ ವರ್ಷವೇನೂ ಇರಲಿಲ್ಲ. ಒಂದು ಮಳೆಗಾಲದಲ್ಲಿ ಲಕ್ವ ಹೊಡೆದು ಮಾತು ನಿಂತಿತು. ನಮ್ಮ ಮನೆಯವರು ಆಫೀಸಿನಿಂದ ಬಂದವರೇ ಹಾಸಿಗೆಯ ಹತ್ತಿರ ಕೂತು, "ಅವ್ವಾ, ನಾ ಬಂದೇನಿ. ಹೆಂಗಿದ್ದಿ? ಊಟ ಆತೇನ?" ಎಂದು ಕೇಳುತ್ತಲೇ ಇರುತ್ತಿದ್ದರು. ಅತ್ತೆಯವರು ಗೋಡೆ ನೋಡುತ್ತಿದ್ದರು. ಒಂದು ಸಂಜೆ ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನನ್ನ ಕಡೆ ಹೊಳ್ಳಿ ಸುದ್ದಾ ನೋಡವಲ್ಲಳು. ನನ್ನ ಮ್ಯಾಲ ಏನರ ಸಿಟ್ಟೈತೇನ ಅವ್ವಗ?"

ನಾನು ಒಲೆ ಸಣ್ಣ ಮಾಡಿದೆ. "ಸಿಟ್ಟಲ್ಲರೀ ಅದು" ಎಂದೆ. "ದಣಿವು. ಏನೂ ಕೇಳಬ್ಯಾಡ್ರಿ. ಮೊದಲ ನೀರು ಕೊಡ್ರಿ."

ಅವರು ನನ್ನನ್ನೇ ನೋಡಿದರು. ಆ ಮುಳ್ಳುಮರ, ಆ ಜೀಪು ಅವರ ಕಣ್ಣಿಗೂ ಬಂದಿರಬೇಕು. ಬಟ್ಟಲು, ಚಮಚೆ ತೆಗೆದುಕೊಂಡು ಒಳಗೆ ಹೋದರು. ನಾನು ಬಾಗಿಲಲ್ಲಿ ನಿಂತೆ. ಮಗ ಒಂದು ಮಾತೂ ಆಡದೆ ತಾಯಿಯ ತಲೆಯನ್ನು ತೋಳಿನ ಮೇಲೆ ತೆಗೆದುಕೊಂಡು ಚಮಚೆಯನ್ನು ತುಟಿಗೆ ಹಚ್ಚಿದರು. ಸ್ವಲ್ಪ ನೀರು ಹೊರಗೆ ಹರಿಯಿತು, ಸ್ವಲ್ಪ ಒಳಗೆ ಇಳಿಯಿತು. ಗದ್ದದ ಮೇಲಿನ ಹಸಿರು ಬೊಟ್ಟು ಸಣ್ಣಗೆ ಅಲುಗಿತು.