ಅವ್ವನ ತೋಟಕ್ಕೆ ನೀರು

ನನ್ನ ಫೋನು ಎಷ್ಟು ಸಲ ನನ್ನ ಒಪ್ಪಿಗೆ ಕೇಳುತ್ತದೆ ಎಂದು ಒಂದು ತಿಂಗಳು ದಿನಚರಿಯಲ್ಲಿ ಗುರುತು ಹಾಕುತ್ತ ಬಂದೆ. ನಾಲ್ಕು ಗೆರೆ ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆಯುವ ಹಳೆಯ ಪದ್ಧತಿ. ತಿಂಗಳು ಮುಗಿಯುವಷ್ಟರಲ್ಲಿ ಪುಟಗಳು ಹೊಲದ ಬೇಲಿಯಂತೆ ಕಾಣತೊಡಗಿದವು. ‘ಒಪ್ಪುವುದಿಲ್ಲ’ ಎಂದು ಒತ್ತಿದ್ದಕ್ಕೆ ಬೇರೆ ಕಡೆ ಜಾಗ ಬಿಟ್ಟಿದ್ದೆ. ಅದು ಖಾಲಿಯೇ ಉಳಿಯಿತು. ವರ ನೋಡಿ ಹೋದಾಗ ‘ಯೋಚಿಸಿ ಹೇಳುತ್ತೇನೆ’ ಎಂದು ಅಪ್ಪನನ್ನು ವಾರಗಟ್ಟಲೆ ಕಾಯಿಸಿದವಳು ನಾನು. ಹೆಸರು, ಊರು ತಿಳಿಯದ ಆ್ಯಪಿಗೆ ಮಾತ್ರ ರೆಪ್ಪೆ ಬಡಿಯುವುದರೊಳಗೆ ಹೂಂ ಅನ್ನುತ್ತೇನೆ. ಷರತ್ತುಗಳನ್ನು ಓದಿದ್ದೇನೆ ಎಂದು ಬೇರೆ ಒಪ್ಪಿಕೊಳ್ಳುತ್ತೇನೆ. ನಮ್ಮ ಕಾಲದಲ್ಲಿ ಎಲ್ಲರೂ ಎಲ್ಲೆಡೆ ಒಂದೇ ತೆರನಾಗಿ ಹೇಳುವ ಸುಳ್ಳು ಬಹುಶಃ ಇದೊಂದೇ.

ಅವ್ವನ ಫೋನಿನಲ್ಲೂ ಒಪ್ಪಿಗೆ ಕೊಡುವವಳು ನಾನೇ. ಆಕೆಗೆ ಇಂಗ್ಲಿಷ್ ಅಕ್ಷರ ಬಾರದು. ಬೆಟಗೇರಿಯ ನಮ್ಮ ಮನೆಯಲ್ಲಿ ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಸೀರೆ ನೇಯುತ್ತಾನೆ, ಅವ್ವ ಪಕ್ಕದಲ್ಲಿ ರಾಟೆ ತಿರುಗಿಸುತ್ತ ಲಾಳಿಯಲ್ಲಿಡುವ ಕಂಡಿಕೆಗೆ ನೂಲು ಸುತ್ತುತ್ತಾಳೆ, ನಾನು ಗದಗಿನ ಔಷಧಿ ಅಂಗಡಿಯೊಂದರಲ್ಲಿ ಬಿಲ್ಲು ಮಾಡಿ ಸಂಜೆ ಮನೆಗೆ ಬರುತ್ತೇನೆ. ಅವ್ವನ ಫೋನಿನಲ್ಲಿ ಇದ್ದದ್ದು ಒಂದೇ ಆಟ. ಅದರಲ್ಲಿ ತೋಟ ಮಾಡಬೇಕು. ಬದನೆ, ಮೆಣಸು, ಚೆಂಡುಹೂವು ಹಚ್ಚಬೇಕು. ನಮ್ಮ ತೋಟಕ್ಕೆ ನಾವೇ ನೀರು ಹಾಕಿಕೊಳ್ಳುವಂತಿಲ್ಲ, ನೆರೆಯ ತೋಟದವರು ಬಂದು ದಿನಕ್ಕೊಂದು ಕೊಡ ಸುರಿಯಬೇಕು. ಅವರ ತೋಟಕ್ಕೆ ನಾವು ಸುರಿಯಬೇಕು. ಯಾರೂ ಸುರಿಯದಿದ್ದರೆ ಗಿಡ ಒಣಗುತ್ತದೆ.

ಅವ್ವನ ನೆರೆಯ ತೋಟ ನಮ್ಮ ದೊಡ್ಡವ್ವನದು. ದೊಡ್ಡವ್ವ ಅಂದರೆ ಅವ್ವನ ಒಡಹುಟ್ಟಿದ ಅಕ್ಕ, ಲಕ್ಷ್ಮೇಶ್ವರದಲ್ಲಿದ್ದಾಳೆ. ಆಕೆಯ ಮಗಳು ಗೀತಕ್ಕ ಒಮ್ಮೆ ಪಂಚಮಿಗೆ ತಾಯಿಯ ಜೊತೆ ನಮ್ಮಲ್ಲಿಗೆ ಬಂದಾಗ ಇಬ್ಬರ ಫೋನಿಗೂ ಆಟ ಹಾಕಿ, ದೊಡ್ಡವ್ವನ ಹೆಸರಿಗೆ ಗಿಳಿಯ ಚಿತ್ರ ಅಂಟಿಸಿ ಹೋಗಿದ್ದಳು. ಬೆಳಿಗ್ಗೆ ಆಟ ತೆರೆದರೆ ಗಿಳಿ ಹಾರಿ ಬಂದು ಕೊಡ ಬಗ್ಗಿಸುವುದು. ಅವ್ವ ‘ಹಾಕ್ಯಾಳ’ ಎಂದು ತನ್ನಷ್ಟಕ್ಕೆ ಹೇಳಿಕೊಂಡು, ತಾನೂ ಅಲ್ಲಿಗೊಂದು ಕೊಡ ಸುರಿದು, ರಾಟೆಗೆ ಕೂಡುವಳು.

ಇದರಲ್ಲೇನು ಬರೆಯುವಂಥದ್ದು ಎನ್ನಬಹುದು. ಈ ಅಕ್ಕತಂಗಿಯರು ಎರಡು ವರ್ಷದಿಂದ ಮಾತು ಬಿಟ್ಟಿದ್ದರು.

ಜಗಳದ ಮೂಲವೂ ಫೋನೇ. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಮನೆಗೆ ಬಂದು, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು, ‘ಎಲ್ಲಾರೂ ಬರಬೇಕು’ ಎಂದು ಬಾಯಿಬಿಟ್ಟು ಹೇಳಬೇಕು. ಗೀತಕ್ಕನ ಮದುವೆ ಮುಂಡರಗಿಯ ಹುಡುಗನ ಜೊತೆ ಗಡಿಬಿಡಿಯಲ್ಲಿ ಗೊತ್ತಾಯಿತು. ದೊಡ್ಡವ್ವನಿಗೆ ಮೊಣಕಾಲು ನೋವು. ಲಗ್ನಪತ್ರಿಕೆಯ ಫೋಟೊ ವಾಟ್ಸಾಪಿನಲ್ಲಿ ಬಂತು, ಹಿಂದೆಯೇ ಎರಡು ಕೈ ಮುಗಿದ ಚಿತ್ರ. ಅವ್ವ ಫೋನನ್ನು ಬೋರಲು ಹಾಕಿ ಇಟ್ಟಳು. “ಕುಂಕುಮ ಹಚ್ಚಲಾರದ ಕರದ್ರ ಅದು ಕರದಂಗಲ್ಲ, ಖಬರ ಕೊಟ್ಟಂಗ,” ಎಂದಳು. ಮದುವೆಗೆ ಅಪ್ಪ ಹೋದ, ನಾನು ಹೋದೆ, ಅವ್ವ ಹೋಗಲಿಲ್ಲ. ಅಲ್ಲಿ ದೊಡ್ಡವ್ವ ಬಂದವರಿಗೆಲ್ಲ ಕೇಳುವಂತೆ ಅಂದದ್ದು ನನಗೆ ನೆನಪಿದೆ: “ಒಡಹುಟ್ಟಿದಾಕಿನ್ನ ಬೀಗರಗತೆ ಕರಿಬೇಕೇನು?” ಇಬ್ಬರ ಮಾತೂ ನನಗೆ ಸರಿ ಅನ್ನಿಸಿತು. ಇಬ್ಬರೂ ಸರಿಯಿದ್ದ ಜಗಳ ಬೇಗ ಮುಗಿಯುವುದಿಲ್ಲ. ತಪ್ಪೊಪ್ಪಿಕೊಳ್ಳಲು ಅಲ್ಲಿ ಯಾರೂ ಇರುವುದಿಲ್ಲ.

ಆದರೂ ಗಿಳಿ ಬರುವುದು ನಿಲ್ಲಲಿಲ್ಲ. ನನಗೆ ಸೋಜಿಗವೆನಿಸಿದ್ದು ಅವ್ವನಿಗೆ ಸಹಜವಾಗಿತ್ತು. ನಮ್ಮ ಓಣಿಯಲ್ಲಿ ನಲ್ಲಿಗೆ ನೀರು ಬರುವುದಕ್ಕೆ ವಾರವಿಲ್ಲ, ಹೊತ್ತಿಲ್ಲ. ಬಂದಾಗ ಮೊದಲು ಕಂಡವರು ಆಚೀಚೆಯ ಬಾಗಿಲು ಬಡಿದು ಹೇಳಬೇಕು. ಮಾತು ಬಿಟ್ಟವರಿದ್ದರೆ ಹೇಳುವುದಿಲ್ಲ, ಅವರ ಕಟ್ಟೆಯ ಹತ್ತಿರ ಹೋಗಿ ಕೊಡವನ್ನು ಟಣ್ ಅನ್ನಿಸಿ ಬರುತ್ತಾರೆ. ಸಿಟ್ಟು ಸಿಟ್ಟಿನ ಕಡೆ, ನೀರು ನೀರಿನ ಕಡೆ. ದೊಡ್ಡವ್ವ ದಿನಾ ಕೊಡ ಟಣ್ ಅನ್ನಿಸುತ್ತಿದ್ದಾಳೆ ಎಂದೇ ಅವ್ವ ತಿಳಿದಿದ್ದಳು. ಅದಕ್ಕಿಂತ ಹೆಚ್ಚು ಆಕೆ ಕೇಳಿರಲೂ ಇಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಗಿಳಿಯ ಬದಲು ಒಂದು ಬರಹ ಬಂತು. ಓದಿ ಹೇಳು ಎಂದು ಅವ್ವ ಫೋನು ಚಾಚಿದಳು. ಈ ತಿಂಗಳ ಕೊನೆಗೆ ಆಟವನ್ನು ಮುಚ್ಚುತ್ತೇವೆ, ಇಷ್ಟು ದಿನ ಆಡಿದ್ದಕ್ಕೆ ಧನ್ಯವಾದ ಎಂದಿತ್ತು.

“ಬಂದ್ ಮಾಡ್ತಾರಂತ ಬೇ,” ಎಂದೆ.

“ಯಾರನ್ನ ಕೇಳಿ?”

ನಮ್ಮ ಸೀಮೆಯ ಹಳೆಯ ಗುಡಿಗಳ ಕಲ್ಲುಗಳಲ್ಲಿ ದಾನಶಾಸನಗಳಿವೆ. ದೇವರಿಗೆ ಹೊಲ, ಹೂದೋಟ ಬಿಟ್ಟವರು ಸೂರ್ಯಚಂದ್ರರು ಇರುವ ತನಕ ನಡೆಯಲಿ ಎಂದು ಬರೆಸುತ್ತಿದ್ದರು. ಕೆಡಿಸಿದವರಿಗೆ ಶಾಪವನ್ನೂ ಕೆತ್ತಿಸುತ್ತಿದ್ದರು. ಆ ತೋಟಗಳು ಎಂದೋ ಹೋಗಿವೆ, ಮಾತು ಕಲ್ಲಿನ ಮೇಲೆ ಉಳಿದಿದೆ. ನಮಗೆ ತೋಟ ಕೊಟ್ಟವರ ಷರತ್ತುಗಳನ್ನು ಅಂದು ಮೊದಲ ಸಲ ಪೂರ್ತಿ ಓದಿದೆ. ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ, ಕಾರಣವಿಲ್ಲದೆಯೂ ನಿಲ್ಲಿಸಬಹುದು ಎಂದಿತ್ತು. ಆಟ, ಹಾಡು, ಫೋಟೊ ಇಡುವ ಜಾಗ ಯಾವುದೂ ನಮ್ಮದಲ್ಲ. ನಾವು ಬಾಡಿಗೆಯವರೂ ಅಲ್ಲ, ಬಾಡಿಗೆಯವನನ್ನು ಮನೆ ಬಿಡಿಸುವಾಗ ಎದುರಿಗೆ ನಿಂತು ಹೇಳಲು ಒಬ್ಬ ಮಾಲೀಕನಾದರೂ ಬರುತ್ತಾನೆ.

ನಾನು ಬೇರೆ ಆಟ ಹಾಕಿಕೊಡುತ್ತೇನೆ ಎಂದೆ, ಅವ್ವ ಬೇಡವೆಂದು ತಲೆ ಅಲ್ಲಾಡಿಸಿದಳು. ಅಪ್ಪ ಮಗ್ಗದಿಂದಲೇ, ಒಂದು ಫೋನು ಹಚ್ಚಿ ಮಾತಾಡಬಾರದೇನು ಎಂದ. ತಾನ್ಯಾಕೆ ಮೊದಲು ಮಾತಾಡಬೇಕು ಎಂದು ಅವ್ವ ರಾಟೆಯ ವೇಗ ಹೆಚ್ಚಿಸಿದಳು. ಗಿಳಿ ಬರುವುದು ನಿಂತ ಮೇಲೆ ಅಕ್ಕತಂಗಿಯರ ನಡುವೆ ಏನೂ ಉಳಿಯುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಒಂದು ಶನಿವಾರ ಸಂಜೆ, ತನ್ನ ಲೆಕ್ಕ ತಾನೇ ಹಾಕಿ ಮುಗಿಸಿದವಳಂತೆ ಅವ್ವ ಅಂದಳು: “ಆಕಿ ದಿನಾ ನೀರು ಹಾಕ್ಯಾಳ. ಅಂದ್ರ ಮೊದಲ ಮಾತಾಡಿದಾಕಿ ಆಕಿನ. ಇನ್ನ ನಾ ಹೋದ್ರ ಸಣ್ಣಾಕಿ ಆಗೂದಿಲ್ಲ.”

ಮರುದಿನ ಶಿರಹಟ್ಟಿ ಮೇಲೆ ಹೋಗುವ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವ್ವ ಕಿಟಕಿಯಾಚೆ ನೋಡುತ್ತಿದ್ದಳು, ಫೋನನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು.

ಬಾಗಿಲು ತೆರೆದ ದೊಡ್ಡವ್ವ, ಬಿಸಿಲಲ್ಲಿ ಯಾಕೆ ನಿಂತಿರಿ, ಒಳಗೆ ಬರ್ರಿ ಎಂದಳು. ‘ಬರ್ರಿ’ ಎಂದದ್ದು ನಮ್ಮಿಬ್ಬರಿಗೋ, ತಂಗಿಯನ್ನು ಹೊರಗಿನವಳಂತೆ ಬಹುವಚನದಲ್ಲಿ ಕರೆದದ್ದೋ ತಿಳಿಯಲಿಲ್ಲ. ಚಹಾ ಬಂತು. ಮಳೆ, ಮೊಣಕಾಲು, ನೂಲಿನ ದರ ಎಲ್ಲ ನನ್ನ ಮೂಲಕ ಹಾದುಹೋದವು. ದೊಡ್ಡವ್ವ ನನ್ನನ್ನು ನೋಡಿ ಕೇಳುವಳು, ಅವ್ವ ನನ್ನನ್ನು ನೋಡಿ ಉತ್ತರಿಸುವಳು. ಕೊನೆಗೆ ಅವ್ವ ಕಪ್ಪು ಕೆಳಗಿಟ್ಟು ನೇರವಾಗಿ ಅಕ್ಕನಿಗೆ ಹೇಳಿದಳು, “ನೀ ದಿನಾ ನೀರು ಹಾಕಿದ್ದು ನಾ ಮರತಿಲ್ಲ ಅಕ್ಕಾ.”

“ಯಾವ ನೀರು?”

ನಾನು ಆಟದ ಹೆಸರು ಹೇಳಿದೆ, ಗಿಳಿಯನ್ನು ತೋರಿಸಿದೆ. ದೊಡ್ಡವ್ವ ಕನ್ನಡಕ ಹಾಕಿಕೊಂಡು ನೋಡಿ, ಫೋನನ್ನು ಮೆಲ್ಲಗೆ ತಿರುಗಿ ಕೊಟ್ಟಳು. “ಆ ಫೋನು ಗೀತಾನ ಮದುವ್ಯಾಗನ ಕೆಟ್ಟೈತಿ. ಹೊಸಾದ್ರಾಗ ಈ ಆಟನ ಇಲ್ಲ.”

ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು.

“ಅಂದ್ರ ನೀ ಹಾಕಿಲ್ಲ,” ಎಂದಳು ಅವ್ವ.

“ಸುಳ್ಳ ಯಾಕ ಹೇಳ್ಲಿ? ನನಗ ಸಿಟ್ಟಿತ್ತು. ಮದುವ್ಯಾಗ ನಿನಗಂತ ಹಾಕಿಸಿದ ಊಟದ ಎಲಿ ಹಂಗ ಉಳೀತು. ಅದರ ಮುಂದ ಯಾರನ್ನೂ ಕುಂಡ್ರಾಕ ಬಿಡಲಿಲ್ಲ ನಾ.”

ಅವ್ವ ನನ್ನ ಕೈಯಿಂದ ಫೋನು ತೆಗೆದುಕೊಂಡು ಮತ್ತೆ ಸೆರಗಿನಲ್ಲಿ ಸುತ್ತಿದಳು. ಎದ್ದು ಹೊರಟೇಬಿಡುತ್ತಾಳೆ ಎಂದು ನಾನು ಚೀಲಕ್ಕೆ ಕೈ ಹಾಕಿದ್ದೆ. ಆಕೆ ಅಂದದ್ದು ಇಷ್ಟೇ: “ನಾನಂತೂ ಹಾಕೀನಿ. ದಿನಾ.”

“ಯಾರ ತೋಟಕ್ಕ?” ಎಂದಳು ದೊಡ್ಡವ್ವ. ಅದು ಕುಹಕವಾಗಿರಲಿಲ್ಲ, ನಿಜಕ್ಕೂ ತಿಳಿಯಬೇಕಾಗಿತ್ತು ಆಕೆಗೆ.

ಅವ್ವ ಚಹಾದ ಕಪ್ಪುಗಳನ್ನು ಒಟ್ಟು ಮಾಡಿದಳು. “ಬಸ್ಸಿನ್ಯಾಗ ಏನೂ ತಿಂದಿಲ್ಲ. ರೊಟ್ಟಿ ಮಾಡೀಯೇನು?” ಎಂದಳು. ದೊಡ್ಡವ್ವ ಮೊಣಕಾಲು ಹಿಡಿದು ಏಳುವಷ್ಟರಲ್ಲಿ ಅವ್ವ ತಾನೇ ಎದ್ದು ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿ ಹುಡುಕತೊಡಗಿದಳು. ಡಬ್ಬಿ ಇಡುವ ಜಾಗ ಬದಲಾಗಿದೆ ಎಂದು ಗೊಣಗಿದ್ದು ಕೇಳಿಸಿತು. ನಾನು ಚೀಲವನ್ನು ತಿರುಗಿ ಗೋಡೆಗೆ ಒರಗಿಸಿಟ್ಟೆ.

ಗಿಳಿಯ ಗುಟ್ಟು ಮನೆಗೆ ಬಂದ ಮೇಲೆ ತಿಳಿಯಿತು. ಆಟದ ಸಹಾಯದ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಇತ್ತು. ನೆರೆಯವರು ಬಹಳ ದಿನ ಬಾರದಿದ್ದರೆ ಅವರ ಹೆಸರಿನಲ್ಲಿ ಆಟವೇ ನೀರು ಹಾಕುತ್ತದೆಯಂತೆ. ಗಿಡ ಒಣಗಿದರೆ ಆಡುವವರು ಬೇಸತ್ತು ಬಿಟ್ಟುಹೋಗುತ್ತಾರಲ್ಲ. ಅಂದರೆ ನಮ್ಮ ಮನೆಯ ಮುನಿಸು ಅವರಿಗೊಂದು ನಷ್ಟ. ಅದನ್ನು ತಪ್ಪಿಸಲು ದೊಡ್ಡವ್ವನ ಹೆಸರು ಹಾಕಿ, ದೊಡ್ಡವ್ವ ಮಾಡದ್ದನ್ನು ಮಾಡಿದರು. ಕಾಗದದ ಮೇಲೆ ಯಾರಾದರೂ ಹೀಗೆ ಇನ್ನೊಬ್ಬರ ಸಹಿ ಮಾಡಿದರೆ ಅದಕ್ಕೊಂದು ಹೆಸರಿದೆ. ತೆರೆಯ ಮೇಲೆ ಮಾಡಿದರೆ ಅದು ಸೌಲಭ್ಯ. ಇದರಿಂದ ಒಳ್ಳೆಯದೇ ಆಯಿತಲ್ಲ ಎಂದು ಅಂಗಡಿಯ ಗೆಳತಿ ಅಂದಳು. ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಬೇಡುವವನ ಜೋಳಿಗೆಗೆ ಯಾರೋ ಖೊಟ್ಟಿ ನಾಣ್ಯ ಹಾಕಿ, ಅಂಗಡಿಯವನು ಅದನ್ನು ಗಮನಿಸದೆ ಅಕ್ಕಿ ಕೊಟ್ಟರೆ ಆ ನಾಣ್ಯಕ್ಕೆ ಕೈ ಮುಗಿಯಬೇಕೇ? ಅಂದು ದೊಡ್ಡವ್ವನ ಮನೆಯಲ್ಲಿ ಉಂಡ ಊಟ ಗಿಳಿ ಹಾಕಿದ್ದಲ್ಲ. ಇಲ್ಲದ ತೋಟಕ್ಕೆ ಎರಡು ವರ್ಷ ನೀರು ಸುರಿದ ಅವ್ವನದು ಅರ್ಧ, ಸುಳ್ಳು ಹೇಳಿ ಒಳ್ಳೆಯವಳಾಗುವ ಅವಕಾಶವನ್ನು ಕೈಬಿಟ್ಟ ದೊಡ್ಡವ್ವನದು ಅರ್ಧ.

ಈಗ ಇಬ್ಬರೂ ಬೆಳಿಗ್ಗೆ ಫೋನಿನಲ್ಲಿ ಮಾತಾಡುತ್ತಾರೆ. ದಿನಾ ಅಲ್ಲ. ಕೆಲವು ದಿನ ದೊಡ್ಡವ್ವ ಎತ್ತುವುದಿಲ್ಲ. ಒಮ್ಮೆ ರೊಟ್ಟಿಯ ಜೊತೆ ತಿನ್ನುವ ಶೇಂಗಾ ಹಿಂಡಿಗೆ ಬೆಳ್ಳುಳ್ಳಿ ಎಷ್ಟು ಎಂಬ ಮಾತಿಗೆ ಮಾತು ಬೆಳೆದು ಅವ್ವ ನಡುವೆಯೇ ಕತ್ತರಿಸಿದಳು, ಮೂರು ದಿನ ಹಚ್ಚಲಿಲ್ಲ. ಆಟ ಮುಚ್ಚಿದ ದಿನವನ್ನು ಆಕೆ ಗಮನಿಸಲೇ ಇಲ್ಲ, ನಾನೇ ಆಟದ ಗುರುತಿನ ಚಿತ್ರವನ್ನು ಫೋನಿನಿಂದ ತೆಗೆದುಹಾಕಿದೆ. ಅಳಿಸಲು ನಿಮ್ಮ ಒಪ್ಪಿಗೆ ಇದೆಯೇ ಎಂದು ಅದೂ ಕೇಳಿತು.

ಆಗ ಅವ್ವನಿಗೆ ಗಿಳಿಯ ಗುಟ್ಟನ್ನು ಹೇಳಿದೆ. ಬೇಸರ ಮಾಡಿಕೊಂಡಾಳೆಂದು ಹೆದರಿ ಅಲ್ಲಿಯವರೆಗೆ ಮುಂದೂಡಿದ್ದೆ. ಆಕೆ ನೂಲಿನ ಎಳೆ ಬಿಡದೆ ಎಲ್ಲ ಕೇಳಿಸಿಕೊಂಡಳು.

“ಎರಡ ವರ್ಸದಾಗ ಒಂದ ದಿನಾನೂ ತಪ್ಪಿಸಲಿಲ್ಲ, ಒಂದ ದಿನಾನೂ ಮಾರಿ ತಿರುವಲಿಲ್ಲ,” ಎಂದಳು. “ಅದು ನಮ್ಮಕ್ಕ ಅಲ್ಲ ಅಂತ ನನಗ ಅವಾಗನ ತಿಳೀಬೇಕಿತ್ತು.”